ನೆಲಮಾಳಿಗೆಯಲ್ಲಿ ಯಾರೂ ಮಲಗುವುದಿಲ್ಲ

ಸಿಟ್ಟು ಬಂದರೆ ನೀಲಗಂಗಾ ಆಡಿ ಮುಗಿಸುವ ಹೆಂಗಸು. ಹುಬ್ಬಳ್ಳಿಯ ನಾಲಿಗೆ, ಎದುರಿಗಿದ್ದವರು ಅಮೆರಿಕದವರಾಗಲಿ ಅರಸೀಕೆರೆಯವರಾಗಲಿ, ಹೇಳಬೇಕಾದ್ದನ್ನು ಮುಖದ ಮೇಲೆ ಹೇಳಿ ಹಗುರಾಗುತ್ತಿದ್ದಳು. ಹೇಸಿಗೆ ಹಾಗಲ್ಲ ನೋಡಿ. ಅದು ಹೊಟ್ಟೆಯಲ್ಲೇ ಕೂತು ತೊಳಸುತ್ತದೆ. ವಿಲೋ ಹಾಲೋ ಸಬ್‌ಡಿವಿಷನ್ನಿನಲ್ಲಿ, ಅಂದರೆ ನಮ್ಮ ಕಡೆಯ ಬಡಾವಣೆಯಂಥದ್ದರಲ್ಲಿ, ಆ ವಾರವೆಲ್ಲ ಮನೆ ಮನೆಯ ಬಾಗಿಲು ತಟ್ಟಿ, ಮನೆಗೊಂದು ಕಾಫಿ ಕುಡಿದು, ಎಲ್ಲ ಕಡೆಯೂ ಒಂದೇ ಸುಳ್ಳನ್ನು ಕೇಳಿಸಿಕೊಂಡು ಬಂದವಳಿಗೆ ರಾತ್ರಿ ರೊಟ್ಟಿ ಸೇರುತ್ತಿರಲಿಲ್ಲ.

ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ನಿಮ್ಮ ಬೇಸ್‌ಮೆಂಟಿನ್ಯಾಗ ಯಾರರ ಮಲಗ್ತಾರೇನ್ರಿ?"

"ಛೆ ಛೆ, ಯಾರೂ ಇಲ್ಲಪ್ಪ! ಅಲ್ಲಿ ಬರೀ ಸಾಮಾನು," ಅನ್ನುತ್ತಿದ್ದರು ಎಲ್ಲರೂ. ಅನ್ನುತ್ತಲೇ ಬೇಸ್‌ಮೆಂಟಿನ ಬಾಗಿಲನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು.

ಅಮೆರಿಕದ ಪ್ಲಿಮತ್ ಊರಿನ ಆಚೆಗಿರುವ ಒಂದು ಸಣ್ಣ ಫೈರ್ ಅಂಡ್ ರೆಸ್ಕ್ಯೂ ಡಿಸ್ಟ್ರಿಕ್ಟಿನಲ್ಲಿ, ಅಗ್ನಿಶಾಮಕ ದಳದಲ್ಲಿ, ಅವಳಿಗೆ ಕೆಲಸ. ಬಿರುಗಾಳಿ, ಹಿಮ, ನೆರೆ, ಏನೇ ಬಂದರೂ ಏನು ಮಾಡಬೇಕೆಂದು ಮುಂಚೆಯೇ ಯೋಚಿಸಿ ಪ್ಲಾನ್ ಬರೆಯುವವಳು ಅವಳು. ಬೆಂಕಿ ಆರಿಸುವವರಿಗೆ ಪ್ಲಾನ್ ಎಂಥದ್ದು, ಫೋನ್ ಬಂದರೆ ಓಡಿದರಾಯಿತು ಎಂದು ನಗುವವರಿದ್ದರು. ಡಿಸ್ಟ್ರಿಕ್ಟಿಗೆ ಇದ್ದದ್ದು ಒಂದು ಸ್ಟೇಷನ್, ಎರಡು ಟ್ರಕ್, ಒಂದೇ ಒಂದು ರಬ್ಬರ್ ದೋಣಿ. ಹಳ್ಳ ಉಕ್ಕಿದ ದಿನ ಎಲ್ಲ ಮನೆಗೂ ಒಟ್ಟಿಗೇ ನುಗ್ಗಲಿಕ್ಕೆ ಆಗುತ್ತದೆಯೇ? ಯಾವ ಮನೆಗೆ ಮೊದಲು ಹೋಗಬೇಕು ಅನ್ನುವುದೇ ಪ್ಲಾನು. ಬೇಸ್‌ಮೆಂಟಿನಲ್ಲಿ ಜನ ಮಲಗುವ ಮನೆಗಳಿಗೆ ಮೊದಲು. ಇಷ್ಟೇ ಅವಳು ಬರೆಯಬೇಕಾಗಿದ್ದ ಮಾತು.

ವಿಲೋ ಹಾಲೋ ಇದ್ದದ್ದು ತಗ್ಗಿನಲ್ಲಿ, ಹಿತ್ತಿಲ ಬೇಲಿಗೆ ತಗುಲಿದಂತೆ ಹಳ್ಳ. ಜೋರು ಮಳೆಗೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಬೇಸ್‌ಮೆಂಟಿನ ನೀರೆತ್ತುವ ಸಂಪ್ ಪಂಪು ನಿಲ್ಲುತ್ತದೆ, ಪಂಪು ನಿಂತರೆ ನೀರು ಒಳಗೆ. ಅಲ್ಲಿನ ಕನ್ನಡದ ಮನೆಗಳವರೆಲ್ಲ ಒಬ್ಬನೇ ಕಂಟ್ರಾಕ್ಟರನಿಂದ, ಟೌನ್‌ಶಿಪ್ಪಿನ ಪರ್ಮಿಟ್ ಇಲ್ಲದೆ, ಬೇಸ್‌ಮೆಂಟಿಗೆ ಗೋಡೆ ಎಬ್ಬಿಸಿ ಕೋಣೆ ಮಾಡಿಸಿಕೊಂಡಿದ್ದರು. ಪರ್ಮಿಟ್ ತೆಗೆದುಕೊಂಡರೆ ಮನುಷ್ಯ ತೂರಿ ಹೊರಗೆ ಬರುವಷ್ಟು ದೊಡ್ಡ ಕಿಟಕಿ ಕೊರೆಸಬೇಕು, ಮೇಲೆ ಮನೆ ಟ್ಯಾಕ್ಸೂ ಏರುತ್ತದೆ. ಅದೆಲ್ಲ ಯಾರಿಗೆ ಬೇಕು? ಊರಿಂದ ಆರು ತಿಂಗಳ ವೀಸಾದಲ್ಲಿ ಬರುವ ಅಪ್ಪ ಅಮ್ಮ, ಅತ್ತೆ ಮಾವ ಅಲ್ಲಿ ಮಲಗುತ್ತಾರೆ. ಮೇಲಿನ ಕೋಣೆಗಳು ಮಕ್ಕಳಿಗೆ ತಲೆಗೊಂದು, ಆಫೀಸಿಗೊಂದು, ಮತ್ತೆ, ಥೂ, ಯಾರೂ ಓಡದ ಟ್ರೆಡ್‌ಮಿಲ್ಲಿಗೊಂದು.

"ಬಿಡ ಮಾರಾಯ್ತಿ, ಮಂದಿ ಮನಿ ನೆಲಮಾಳಗಿ ಕಟಗೊಂಡು ನಿನಗೇನಾಗಬೇಕು?" ಅಂದ ಗಂಡ ಪಂಚಾಕ್ಷರಿ. ಅವನು ಆನ್ ಆರ್ಬರಿನ ಆಸ್ಪತ್ರೆಯಲ್ಲಿ ಡಾಕ್ಟರು. "ನಾಳೆ ಹಬ್ಬಕ್ಕ ನಮ್ಮನ್ನ ಯಾರೂ ಕರಿಯಂಗಿಲ್ಲ ನೋಡು."

"ಕರೀದಿದ್ರ ಬ್ಯಾಡ. ಮನ್ಯಾಗಽ ಹೋಳಿಗಿ ಮಾಡ್ತೀನಿ," ಅಂದಳು.

ಅಷ್ಟರಲ್ಲಿ ಪದ್ಮನಾಭನ ಫೋನು ಬಂತು. ಮೈಸೂರಿನವನು, ಪ್ಲಿಮತ್ತಿನ ಒಂದು ಕಂಪನಿಯಲ್ಲಿ ಕಾರಿನ ಸೀಟು ಡಿಸೈನ್ ಮಾಡುವ ಎಂಜಿನಿಯರು, ಸಬ್‌ಡಿವಿಷನ್ನಿನ ಸಂಘಕ್ಕೆ ಅಧ್ಯಕ್ಷ. ಬೆಣ್ಣೆಯಂಥ ಮಾತು. "ಮೇಡಂ, ನೀವು ಮನೆ ಮನೆ ಅಲೆಯೋದ್ಯಾಕೆ? ನಮ್ಮನೇಗೇ ಬಂದ್ಬಿಡಿ. ಎಲ್ಲರ ಪರವಾಗಿ ನಾನೇ ಹೇಳ್ತೀನಿ. ನನ್ನ ಹೆಂಡ್ತಿ ಪದ್ಮ ಬಿಸಿಬೇಳೆಬಾತ್ ಮಾಡಿರ್ತಾಳೆ," ಅಂದ.

ಹೋದಳು. ಬಾತು ತಿಂದಳು. ಕೈ ತೊಳೆಯಲೆಂದು ಎದ್ದರೆ ಪಕ್ಕದ ಬಾತ್‌ರೂಮಿನಲ್ಲಿ ಯಾರೋ ಇದ್ದರು. ಸೋಫಾದ ಮೇಲೆ ಐಪ್ಯಾಡ್ ಹಿಡಿದು ಬಿದ್ದುಕೊಂಡಿದ್ದ ಅವರ ಮಗಳು ನಿಹಾರಿಕಾ ತಲೆ ಎತ್ತದೆ, "ಯೂ ಕ್ಯಾನ್ ಯೂಸ್ ಅಜ್ಜೀಸ್ ಬಾತ್‌ರೂಮ್, ಆಂಟಿ. ಇಟ್ಸ್ ಇನ್ ದ ಬೇಸ್‌ಮೆಂಟ್," ಅಂದಳು. ಪದ್ಮಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಪದ್ಮನಾಭ ಎದ್ದು ಬರುವಷ್ಟರಲ್ಲಿ ನೀಲಗಂಗಾ ಅರ್ಧ ಮೆಟ್ಟಿಲು ಇಳಿದಾಗಿತ್ತು.

ಕೆಳಗೆ ಪದ್ಮಳ ತಾಯಿ ಕೌಸಲ್ಯಮ್ಮ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದರು. ಮೈಸೂರಿನಲ್ಲಿ ಬ್ಯಾಂಕ್ ಮ್ಯಾನೇಜರಾಗಿ ರಿಟೈರಾದವರು. ಮಂಚದ ಪಕ್ಕ ಔಷಧಿಯ ಡಬ್ಬಿ, ನೀರಿನ ತಂಬಿಗೆ, ಒಂದು ಸಣ್ಣ ದೇವರ ಫೋಟೋ. ಬಾಗಿಲಾಚೆ ಆಳೆತ್ತರದ ಫ್ರೀಜರು, ಅದರ ತಲೆಯ ಮೇಲೆ ಹಿಟ್ಟಿನ ಚೀಲಗಳು. ಕಿಟಕಿ ಅನ್ನುವುದು ಸೂರಿಗೆ ತಾಗಿದಂತೆ ಊಟದ ತಟ್ಟೆಯಷ್ಟಗಲ, ಅದೂ ತೆರೆಯದ ದಪ್ಪ ಗಾಜು.

"ಬಾಮ್ಮ, ಕೂತ್ಕೋ," ಅಂದರು ಕೌಸಲ್ಯಮ್ಮ. "ನನ್ನ ರೂಮು ನೋಡಕ್ಕೆ ಇದುವರೆಗೆ ಯಾರೂ ಬಂದಿರಲಿಲ್ಲ. ಬೆಳಗಾಯ್ತೋ ಇಲ್ವೋ ಅಂತ ಫೋನ್ ನೋಡೇ ತಿಳ್ಕೋಬೇಕು ಇಲ್ಲಿ," ಎಂದು ನಕ್ಕರು.

ಹಿಂದೆಯೇ ಇಳಿದು ಬಂದ ಪದ್ಮನಾಭ. "ಇದು ಟಿವಿ ರೂಮು ಮೇಡಂ. ಅತ್ತೆ ಮಧ್ಯಾಹ್ನ ಒಂದು ಚೂರು ಅಡ್ಡಾಗ್ತಾರೆ, ಅಷ್ಟೆ."

"ಟಿವಿ ಎಲ್ಲೈತ್ರಿ?"

"ಆರ್ಡರ್ ಮಾಡಿದೀವಿ," ಅಂದ. ನಾಚಿಕೆ ಅನ್ನುವುದು ಅವನ ಮುಖದ ಹತ್ತಿರವೂ ಸುಳಿಯಲಿಲ್ಲ.

ಡಿಸ್ಟ್ರಿಕ್ಟ್ ಬೋರ್ಡಿನ ಬಹಿರಂಗ ಸಭೆಯಲ್ಲಿ ನೀಲಗಂಗಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಕಣ್ಣಾರೆ ಹಾಸಿಗೆ ನೋಡಿದ್ದೇನೆ, ಹಳ್ಳದ ಪಕ್ಕದ ಆ ಸಾಲಿನಲ್ಲಿ ಇಂಥ ಮನೆಗಳು ಬಹಳಷ್ಟಿವೆ, ನಮ್ಮ ಪ್ಲಾನಿನಲ್ಲಿ ಆ ಸಾಲಿಗೇ ಮೊದಲು ದೋಣಿ ಎಂದು ಬರೆಯಬೇಕು, ಅಂದಳು. ಆಮೇಲೆ ಪದ್ಮನಾಭ ಎದ್ದ. ಕೋಟು ಹಾಕಿಕೊಂಡು ಬಂದಿದ್ದ. ನಮ್ಮದು ಹಿರಿಯರನ್ನು ದೇವರೆಂದು ನೋಡುವ ಸಮಾಜ ಎಂದ. ಇಂಥದ್ದನ್ನು ಸರ್ಕಾರಿ ಪ್ಲಾನಿನಲ್ಲಿ ಬರೆದರೆ ನಮ್ಮ ಮನೆಗಳ ಬೆಲೆ ಬೀಳುತ್ತದೆ, ಮರ್ಯಾದೆಯೂ ಹೋಗುತ್ತದೆ ಎಂದ. ಅಷ್ಟಕ್ಕೇ ನಿಲ್ಲಿಸಿದನೇ? ಇಲ್ಲ. ರೇಷ್ಮೆ ಸೀರೆ ಉಡಿಸಿ ಕರೆತಂದಿದ್ದ ಅತ್ತೆಯನ್ನು ಮೈಕಿನ ಮುಂದೆ ತಂದು ನಿಲ್ಲಿಸಿದ.

ಕೌಸಲ್ಯಮ್ಮ ಎದುರು ಗೋಡೆಯನ್ನು ನೋಡುತ್ತ, "ಐ ಸ್ಲೀಪ್ ಅಪ್‌ಸ್ಟೇರ್ಸ್. ಐ ಆಮ್ ವೆರಿ ಕಂಫರ್ಟಬಲ್," ಅಂದರು. ಬೋರ್ಡಿನವರು ಚಪ್ಪಾಳೆ ತಟ್ಟಿದರು. ಪದ್ಮನಾಭ ತಂದಿದ್ದ ಸಮೋಸದ ಟ್ರೇ ಮೇಜಿನ ಮೇಲೆ ಸುತ್ತು ಹಾಕಿತು. ಮನೆಯವರು ತಾವಾಗಿ ಹೇಳಿದ್ದನ್ನು ಮಾತ್ರ ಪ್ಲಾನಿನಲ್ಲಿ ಬರೆಯತಕ್ಕದ್ದು ಎಂದು ಠರಾವಾಯಿತು. ಹಾಗಾಗಿ ವಿಲೋ ಹಾಲೋದ ಮುಂದೆ ಸೊನ್ನೆ ಬಿತ್ತು.

ಹೊರಗೆ ಪಾರ್ಕಿಂಗಿನಲ್ಲಿ ಪದ್ಮನಾಭ, "ಬೇಜಾರು ಮಾಡ್ಕೋಬೇಡಿ ಮೇಡಂ, ನಾವು ನಾವು ಒಂದೇ," ಎಂದು ಕೈ ಮುಂದೆ ಮಾಡಿದ. ಆ ಕೈಯನ್ನು ಮುಟ್ಟುವ ಮನಸ್ಸೇ ಆಗಲಿಲ್ಲ ಅವಳಿಗೆ. ಕಾರಿನ ಬಾಗಿಲು ಹಾಕಿಕೊಂಡು ಹೊರಟಳು.

ಜೂನ್ ತಿಂಗಳ ಒಂದು ಗುರುವಾರ, ನಡು ಮಧ್ಯಾಹ್ನ. ಬೆಳಗಿನಿಂದ ಮಳೆ ಹೊಯ್ದೇ ಹೊಯ್ಯುತ್ತಿತ್ತು. ಫ್ರೀವೇಯ ತಗ್ಗುಗಳಲ್ಲಿ ನೀರು ನಿಂತು ಕಾರುಗಳು ತೇಲುತ್ತಿದ್ದವು. ವಿಲೋ ಹಾಲೋದಲ್ಲಿ ಮೊದಲು ಕರೆಂಟು ಹೋಯಿತು, ಆಮೇಲೆ ಹಳ್ಳ ಬೇಲಿ ದಾಟಿತು. ನೀಲಗಂಗಾ ಸಬ್‌ಡಿವಿಷನ್ನಿನ ಬಾಯಿಯಲ್ಲಿ, ದಿಬ್ಬದ ಮೇಲೆ ನಿಲ್ಲಿಸಿದ್ದ ಟ್ರಕ್ಕಿನ ಪಕ್ಕ, ರೇನ್‌ಕೋಟಿನಲ್ಲಿ ನಡುಗುತ್ತ ನಿಂತಿದ್ದಳು. ರಸ್ತೆಯಲ್ಲಿ ಮೊಣಕಾಲಿನ ಮೇಲೆ ನೀರು. ಇರುವುದು ಒಂದೇ ದೋಣಿ. ಕ್ಯಾಪ್ಟನ್ ಡೋರೀನ್ ಅನ್ನುವ, ಕೂದಲು ನರೆತ, ಗಟ್ಟಿ ಮೈಕಟ್ಟಿನ ಹೆಂಗಸು ಎಲ್ಲರನ್ನೂ ನಡೆಸುತ್ತಿದ್ದಳು.

ದುಡಿಯುವವರೆಲ್ಲ ಆಫೀಸಿನಲ್ಲಿ, ಮಕ್ಕಳೆಲ್ಲ ಬೇಸಿಗೆ ರಜೆಯ ಕ್ಯಾಂಪಿನಲ್ಲಿ. ಬಾಗಿಲು ಬಡಿದರೆ ತೆಗೆಯುವವರಿಲ್ಲ. ಮನೆಯ ಯಜಮಾನರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಕ್ಯಾಪ್ಟನ್ ಕೇಳಿದಳು, ನಿಮ್ಮ ಬೇಸ್‌ಮೆಂಟಿನಲ್ಲಿ ಯಾರಾದರೂ ಇದ್ದಾರೆಯೇ ಎಂದು. ಉತ್ತರ ಅದೇ. ನೋಬಡಿ, ಮ್ಯಾಮ್. ಹಳ್ಳದ ಮಗ್ಗುಲಿನ ಮೊದಲ ಮನೆಯ ಬಾಲು, ನೋವೈ ಊರಿನ ಆಫೀಸಿನಿಂದ, ಅವಸರದಲ್ಲಿ, ಮೀಟಿಂಗಿನಲ್ಲಿದ್ದೇನೆ, ಬೇಸ್‌ಮೆಂಟಿನಲ್ಲಿ ಯಾರೂ ಇಲ್ಲ, ಅಮ್ಮ ಮೇಲಿದ್ದಾರೆ, ಎಂದು ಫೋನಿಟ್ಟ. ಬಾಲುವಿನ ಮನೆ ದಾಟಿ ದೋಣಿ ಮುಂದಕ್ಕೆ ಹೋಯಿತು, ಇನ್ನೊಂದು ಸಾಲಿನಲ್ಲಿ ಕಾರಿನ ನೆತ್ತಿ ಹತ್ತಿ ಕೂತಿದ್ದವರ ಕಡೆಗೆ.

ಆಮೇಲೆ ಪದ್ಮನಾಭ ಸಿಕ್ಕಿದ. ಫೋನು ಸ್ಪೀಕರಿನಲ್ಲಿತ್ತು. "ನೋ ಮ್ಯಾಮ್, ಅವರ್ಸ್ ಈಸ್ ಓನ್ಲಿ ಸ್ಟೋರೇಜ್. ಮೈ ಮದರ್ ಇನ್ ಲಾ ಈಸ್ ಅಪ್‌ಸ್ಟೇರ್ಸ್. ಶೀ ಈಸ್ ಫೈನ್."

ಮೇಲೆ ಇರುವವರು ಸದ್ಯಕ್ಕೆ ಕ್ಷೇಮ, ಅವರಿಗೆ ಆಮೇಲೆ ದೋಣಿ. ಕ್ಯಾಪ್ಟನ್ ನಕ್ಷೆಯಲ್ಲಿ ಮುಂದಿನ ಮನೆಗೆ ಬೆರಳಿಟ್ಟಳು. ನೀಲಗಂಗಾ ಅವಳ ಕೈಯಿಂದ ಫೋನು ಕಿತ್ತುಕೊಂಡಳು.

"ಪದ್ಮನಾಭ ಅವರಽ, ಖರೇ ಹೇಳ್ರಿ. ಕೌಸಲ್ಯಮ್ಮ ಎಲ್ಲಿ ಅದಾರ?"

"ಮೇಡಂ ನೀವಾ? ಮೇಲೇ ಇದಾರೆ ಅಂದ್ನಲ್ಲ."

"ಮ್ಯಾಲೆ ಯಾವ ರೂಮಿನ್ಯಾಗ?"

ಅವನ ದನಿ ಇಳಿಯಿತು. "ಮೇಡಂ, ಸ್ವಲ್ಪ ಸ್ಪೀಕರ್ ಆಫ್ ಮಾಡ್ತೀರಾ?"

ಸುತ್ತ ಇದ್ದವರಲ್ಲಿ ಒಬ್ಬರಿಗಾದರೂ ಕನ್ನಡ ಬರುತ್ತಿತ್ತೇ? ಇಲ್ಲ! ಆದರೂ ಅವನಿಗೆ ಗುಟ್ಟು.

"ಊಟ ಆದ್ಮೇಲೆ ಮಲಗೋ ಟೈಮಿದು. ಫೋನೂ ಎತ್ತುತ್ತಿಲ್ಲ. ಕೆಳಗೇ ಇದ್ರೂ ಇರಬಹುದು. ಆದ್ರೆ ಅದನ್ನ ಕ್ಯಾಪ್ಟನ್‌ಗೆ ಹೇಳಕ್ಕೆ ಹೋಗ್ಬೇಡಿ. ನೀವೇ ಮೆಲ್ಲಗೆ ಹೋಗಿ ಮೇಲೆ ಕರ್ಕೊಂಡು ಬಂದ್ಬಿಡಿ. ಗರಾಜಿನ ಬಾಗಿಲಿನ ಕೋಡ್ ಕೊಡ್ತೀನಿ. ನಮ್ಮವರು ಅಂತ ಕೇಳ್ತಿದೀನಿ."

"ಥೂ ನಿನ್ನ!" ಅಂದಳು ನೀಲಗಂಗಾ. ಬಹುವಚನ ಎಲ್ಲಿ ಹೋಯಿತೋ. "ಮನಶ್ಯಾ ಏನೋ ನೀನು? ಹೇಳು ಕೋಡ್!"

ಕೋಡು ಕೇಳಿಕೊಂಡಳು, ಕ್ಯಾಪ್ಟನ್ನಿನ ಕಡೆ ತಿರುಗಿದಳು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಿನ್ನ ಪ್ಲಾನಿನಲ್ಲಿ ಈ ಸಾಲಿಗೆ ಸೊನ್ನೆ ಅಂತಿದೆಯಲ್ಲ ಎಂದಳು ಡೋರೀನ್. ಅದು ಸುಳ್ಳು ಎಂದಳು ನೀಲಗಂಗಾ. ಡೋರೀನ್ ಎರಡನೇ ಮಾತಾಡಲಿಲ್ಲ. ದೋಣಿಗೆ ಕಾಯದೆ ಇಬ್ಬರನ್ನು ಹಗ್ಗ ಕಟ್ಟಿಕೊಂಡು ನಡೆಯಲು ಹೇಳಿದಳು.

ಕೌಸಲ್ಯಮ್ಮ ಮಲಗಿದ್ದಾಗ ನೀರು ಬಂದಿತ್ತು. ಎಚ್ಚರವಾದ ಮೇಲೆ ಬಾಗಿಲು ತಳ್ಳಿದರೆ ಅದು ಅಲುಗಲಿಲ್ಲ. ಆಚೆ ಫ್ರೀಜರು ಎದ್ದು ತೇಲಿ, ಅಡ್ಡ ಬಿದ್ದು, ಬಾಗಿಲಿಗೆ ಒರಗಿಕೊಂಡಿತ್ತು. ಮನುಷ್ಯ ತೂರುವಂಥ ಕಿಟಕಿಯೊಂದಿದ್ದಿದ್ದರೆ ಹತ್ತಿ ಹಿತ್ತಿಲಿಗೆ ಬರಬಹುದಿತ್ತು. ಗೋಡೆ ಒಡೆದು ಅವರನ್ನು ತೆಗೆದಾಗ ಮಂಚದ ಮೇಲೆ ನಿಂತಿದ್ದರು, ಎದೆಮಟ್ಟ ನೀರು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಹೊತ್ತು ತಂದು ಟ್ರಕ್ಕಿನ ಹಿಂಬದಿ ಕೂರಿಸಿ ಕಂಬಳಿ ಸುತ್ತಿದರು. ನೀಲಗಂಗಾ ಅವರ ಕೈಗಳನ್ನು ತನ್ನ ಕೈಯಲ್ಲಿ ತಿಕ್ಕುತ್ತ ಕೂತಳು. ಫೋನು ಪಕ್ಕದಲ್ಲೇ ಬಿದ್ದಿತ್ತು, ಪದ್ಮನಾಭ ಇನ್ನೂ ಸ್ಪೀಕರಿನಲ್ಲಿದ್ದ.

"ಸಿಕ್ಕಿದ್ರಾ? ದೇವರು ದೊಡ್ಡವನು. ಮೇಡಂ, ಎಲ್ಲಿ ಸಿಕ್ಕಿದ್ರು ಅಂತ ಬರ್ಕೊಂಡ್ರಾ ಅವರು?"

ಹೇಗಿದ್ದಾರೆ ಎಂದು ಕೇಳಲಿಲ್ಲ. ಕೌಸಲ್ಯಮ್ಮ ಆ ಫೋನನ್ನು ಅತ್ತ ಸರಿಸಿದರು. ಆಮೇಲೆ ನೀಲಗಂಗಾಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು.

"ಮಿಕ್ಕೋರು? ಮಿಕ್ಕೋರನ್ನ ತೆಗೆದ್ರಾ?"

"ಮಿಕ್ಕವರು ಯಾರ್ರೀ?"

"ನಾವೆಲ್ಲ ದಿನಾ ಬೆಳಗ್ಗೆ ಒಟ್ಟಿಗೆ ವಾಕಿಂಗ್ ಹೋಗ್ತೀವಿ ಕಣಮ್ಮ. ಯಾರ ಮನೇಲಿ ಯಾರು ಕೆಳಗೆ ಮಲಗ್ತಾರೆ, ಯಾರಿಗೆ ಅಲ್ಲಿ ಚಳಿ ತಡೆಯಲ್ಲ, ಮಾತಾಡೋದೇ ಅದು." ದನಿ ಗೊಗ್ಗರಾಗಿತ್ತು, ಮಾತು ಸ್ಪಷ್ಟವಾಗಿತ್ತು. "ನಮ್ಮ ಎದುರು ಮನೆ, ಚಿದಂಬರ ಅವರು, ಲಕ್ವ ಹೊಡೆದು ಒಂದು ಕಾಲು ಬರಲ್ಲ. ಮೂಲೆ ಮನೇಲಿ ವಿನಿತಾ ಅವರ ಅತ್ತೆ. ಅದರಾಚೆ ನೀಲಿ ಬಾಗಿಲಿಂದು, ಗಂಡ ಹೆಂಡತಿ ಇಬ್ಬರೂ. ಮತ್ತೆ ಬಾಲು ತಾಯಿ, ಗಂಗಮ್ಮ. ಅವರು ಮಲಗೋವಾಗ ಕಿವಿ ಮಿಷನ್ ತೆಗೆದಿಡ್ತಾರೆ. ನೀವು ಬಾಗಿಲು ಬಡಿದ್ರೆ ಕೇಳಲ್ಲಮ್ಮ ಅವರಿಗೆ!"

"ಅತ್ತೆ!" ಎಂದಿತು ಫೋನು. "ಅತ್ತೆ, ಸುಮ್ನಿರಿ. ಬೇರೆಯವರ ಮನೆ ವಿಷಯ ನಮಗ್ಯಾಕೆ?"

"ಸುಮ್ನೇ ಇದ್ದೆನಲ್ಲಪ್ಪ," ಅಂದರು ಕೌಸಲ್ಯಮ್ಮ, "ನೀರು ಎದೆಗೆ ಬರೋವರೆಗೂ."

ನೀಲಗಂಗಾ ಒಂದೊಂದು ಮನೆಯನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಡೋರೀನ್ ರೇಡಿಯೋದಲ್ಲಿ ದೋಣಿಯನ್ನು ವಾಪಸು ತಿರುಗಿಸಿದಳು. ಚಿದಂಬರ ಅವರನ್ನು ಹೆಗಲ ಮೇಲೆ ಹಾಕಿಕೊಂಡು ತಂದರು. ವಿನಿತಾಳ ಅತ್ತೆ ಮೆಟ್ಟಿಲ ಮೇಲೆ ಬಂದು ಕೂತಿದ್ದರು. ನೀಲಿ ಬಾಗಿಲಿನ ದಂಪತಿ ಒಬ್ಬರ ಕೈ ಒಬ್ಬರು ಬಿಡದೆ ಬಂದರು. ಗಂಗಮ್ಮನವರನ್ನು ಕೊನೆಗೆ ತಂದರು. ಅವರ ಮುಖದ ಮೇಲೂ ಕಂಬಳಿ ಹೊದಿಸಿತ್ತು.

ಕೌಸಲ್ಯಮ್ಮ ಆ ಕಂಬಳಿಯನ್ನು ನೋಡಿದರು. ಎದ್ದು, ತಮ್ಮ ಕಂಬಳಿ ಎಳೆದುಕೊಳ್ಳುತ್ತ ಹೋಗಿ, ಗಂಗಮ್ಮನವರ ಪಕ್ಕದಲ್ಲಿ ಒದ್ದೆ ನೆಲದ ಮೇಲೆ ಕೂತರು. ನೀಲಗಂಗಾ ಟ್ರಕ್ಕಿನ ಆಚೆ ಹೋಗಿ ವಾಂತಿ ಮಾಡಿಕೊಂಡಳು.

ಬಾಲು ಅರ್ಧ ದಾರಿಯಲ್ಲಿ ಕಾರು ಬಿಟ್ಟು ಓಡಿಬಂದ. ತಾಯಿಯ ಕಾಲು ಹಿಡಿದು, "ಮೀಟಿಂಗಲ್ಲಿದ್ದೆ, ಅಭ್ಯಾಸಬಲ, ಬಾಯಿಗೆ ಬಂದುಬಿಡ್ತು," ಎಂದು ಹಣೆ ಹಣೆ ಚಚ್ಚಿಕೊಂಡ. ಅವನನ್ನು ನೋಡಿ ನೀಲಗಂಗಾಗೆ ಬೈಗುಳವೂ ಬರಲಿಲ್ಲ, ಕರುಣೆಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಪದ್ಮನಾಭ, ಪದ್ಮ ಪ್ಯಾಂಟು ಮಡಿಚಿಕೊಂಡು ನೀರು ತುಳಿಯುತ್ತ ಬಂದರು. ಪದ್ಮ ಅಮ್ಮನ ಕಡೆಗೆ ಓಡಿದಳು. ಪದ್ಮನಾಭ ನೀಲಗಂಗಾಳ ಹತ್ತಿರ ಬಂದು ನಿಂತ.

"ಮೇಡಂ, ಆಗಿದ್ದು ಆಗೋಯ್ತು. ಗಂಗಮ್ಮ ಆಂಟಿ ಬಟ್ಟೆ ಒಗೆಯಕ್ಕೆ ಕೆಳಗೆ ಹೋಗಿದ್ರು ಅಂತ ರಿಪೋರ್ಟಲ್ಲಿ ಹಾಕಿಸಿದ್ರೆ ಇನ್ಶೂರೆನ್ಸ್‌ಗೂ ತೊಂದ್ರೆ ಆಗಲ್ಲ. ಬಾಲು ಒಳ್ಳೇದಕ್ಕೇ ಹೇಳ್ತಿದೀನಿ. ಪಾಪ, ಅವನ ಸ್ಥಿತಿ ನೋಡಿ."

ನೀಲಗಂಗಾ ಬಾಯಿ ತೆರೆಯುವ ಮೊದಲೇ ಕೌಸಲ್ಯಮ್ಮ ಡೋರೀನಳನ್ನು ಕೈಸನ್ನೆ ಮಾಡಿ ಕರೆದರು. ವರ್ಷಗಟ್ಟಲೆ ಬ್ಯಾಂಕ್ ನಡೆಸಿದ ಇಂಗ್ಲಿಷಿನಲ್ಲಿ, ಒಂದು ಪದವೂ ತಡವರಿಸದೆ, ಈಕೆ ದಿನಾ ಅಲ್ಲೇ ಮಲಗುತ್ತಿದ್ದರು, ನಾನೂ ಅಲ್ಲೇ ಮಲಗುತ್ತಿದ್ದೆ, ನಿಮ್ಮ ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು, ಈಗ ಹೇಳುತ್ತಿರುವುದನ್ನು ಬರೆದುಕೊಳ್ಳಿ, ಅಂದರು. ಡೋರೀನ್ ಮಂಡಿಯೂರಿ ಕೂತು ಬರೆದುಕೊಂಡಳು. ಪದ್ಮನಾಭ ಮುಖ ಆ ಕಡೆ ತಿರುಗಿಸಿದ.

ಪದ್ಮ ಅಳುತ್ತ ಅಮ್ಮನ ತೋಳು ಹಿಡಿದೆಬ್ಬಿಸಲು ನೋಡಿದಳು. "ಏಳಮ್ಮ, ಬಾ. ಇವತ್ತಿಂದ ನೀನು ಮೇಲ್ಗಡೆ ರೂಮಲ್ಲೇ ಮಲ್ಕೋ. ಟ್ರೆಡ್‌ಮಿಲ್ ತೆಗೆಸ್ತೀವಿ."

"ಮೇಲ್ಗಡೆ ರೂಮು ನಿನ್ನೆನೂ ಇತ್ತಲ್ಲೇ, ಪದ್ಮ," ಅಂದರು ಕೌಸಲ್ಯಮ್ಮ. ತೋಳು ಬಿಡಿಸಿಕೊಂಡು ಗಂಗಮ್ಮನವರ ಪಕ್ಕದಲ್ಲೇ ಕೂತರು, ಏಳಲಿಲ್ಲ.